ಮನೆಮಾತು: ಇಂಗ್ಲೀಷು ಕ್ರಿಯಾಪದಗಳ ಕಾಲರೂಪಗಳು

ಗಾದೆಗಳ ವಿಚಾರ ಮುಂದಿನ ಸಂಚಿಕೆಗೆ ಇರಲಿ. ಈ ಮೂರು ತಿಂಗಳಲ್ಲಿ ಬಂದ ಕಾಗದಗಳಲ್ಲಿ ಒಂದು ಕೂಡಲೆ ಉತ್ತರ ಬೇಡುವಂತಹುದು. ಬರೆದವರು ವಿಜಯವಾಡದ ಪಟಮಟದಲ್ಲಿ ಸಂಸಾರ ಹೂಡಿರುವ ಸೋದರಿಯೊಬ್ಬರು. ಯಜಮಾನರಿಗೆ ಬ್ಯಾಂಕಿನಲ್ಲಿ ಕೆಲಸ, ಮನೆಯಲ್ಲಿ ಅತ್ತೆಯವರಿದ್ದಾರೆ, ಒಬ್ಬಳೇ ಮಗಳು, ನಾಲ್ಕನೆಯ ತರಗತಿಯಲ್ಲಿ ಓದುತ್ತಾಳೆ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು, ಶಾಲೆಯಲ್ಲಿ ಇಂಗ್ಲೀಷು. ಹೊರನಾಡಿನಲ್ಲಿರುವ ನಮ್ಮಲ್ಲಿ ಎಷ್ಟೋ ಮನೆಗಳ ಕಥೆ ಇದೇ ಆದ್ದರಿಂದ ಇದನ್ನು ವಿವರಿಸಬೇಕಾಗಿಲ್ಲ.

ಮಗುವಿಗೆ ಇಂಗ್ಲೀಷು ಪರೀಕ್ಷೆಯಲ್ಲಿ ಅಂಕ ಕಡಮೆ ಬಂದಿತಂತೆ. ಶಾಲೆಯವರು ತಾಯಿಯನ್ನು ಕರೆಸಿ, “ಕ್ರಿಯಾಪದಗಳೇ ಸರಿಯಿಲ್ಲ. ಮನೆಯಲ್ಲಿ ಒಂದು ಭಾಷೆ, ಹೊರಗೆ ಒಂದು ಭಾಷೆ ಆಡಿಸಿದರೆ ಹೀಗೆಯೇ ಆಗುವುದು. ಇನ್ನು ಮೇಲೆ ಮನೆಯಲ್ಲಿಯೂ ಇಂಗ್ಲೀಷಿನಲ್ಲೇ ಮಾತಾಡಿರಿ” ಎಂದು ಹೇಳಿ ಕಳುಹಿಸಿದರಂತೆ. ತಾಯಿ ಕೇಳುವುದು ಎರಡು ಪ್ರಶ್ನೆ. ಮನೆಯಲ್ಲಿ ಕನ್ನಡವನ್ನು ನಿಲ್ಲಿಸಬೇಕೆ? ನಿಲ್ಲಿಸಿದರೆ, ಇಂಗ್ಲೀಷು ಬಾರದ ಅಜ್ಜಿಯೊಡನೆ ಮಗು ಏನು ಮಾತಾಡಬೇಕು? ಕಾಗದದ ಜೊತೆಗೆ ಮಗಳ ಆರು ತಪ್ಪುಗಳನ್ನು ಕನ್ನಡ ಲಿಪಿಯಲ್ಲಿಯೇ ಅಂದವಾಗಿ ಬರೆದು ಕಳಿಸಿದ್ದಾರೆ. ಇದಕ್ಕಾಗಿ ಅವರಿಗೆ ನನ್ನ ಕೃತಜ್ಞತೆ. ಏಕೆಂದರೆ ತಪ್ಪುಗಳನ್ನು ಕಣ್ಣಿನಿಂದ ಕಾಣದೆ ಮದ್ದು ಹೇಳಲಾಗದು.

ಮೊದಲೇ ನನ್ನ ಉತ್ತರ ಹೇಳಿಬಿಡುತ್ತೇನೆ: ನಿಲ್ಲಿಸಬೇಡಿರಿ. ಆ ಆರು ತಪ್ಪುಗಳಲ್ಲಿ ನಾಲ್ಕನ್ನು ಕನ್ನಡ ಬಲ್ಲ ಮಗುವಿಗೆ ಕನ್ನಡದ ಮೂಲಕವೇ ಸುಲಭವಾಗಿ ತಿದ್ದಿ ತೋರಿಸಬಹುದು. ಉಳಿದೆರಡು ನಮ್ಮ ಭಾಷೆಯಿಂದಲೇ ಅಂಟಿಕೊಂಡು ಬಂದವು, ಅದು ನಿಜ. ಆದರೆ ಅವನ್ನು ಬಿಡಿಸುವುದಕ್ಕೂ ಕನ್ನಡವೇ ಬೇಕು. ಹೇಗೆಂಬುದನ್ನು ಸ್ವಲ್ಪ ನಿಧಾನವಾಗಿ ನೋಡೋಣ.

ಇಂಗ್ಲೀಷಿನಲ್ಲಿ ನಿಯಮಕ್ಕೆ ಒಳಪಟ್ಟ ಕ್ರಿಯಾಪದ ಎಂದರೆ ಎಷ್ಟು ದೊಡ್ಡ ಪ್ರಾಣಿ? ‘ತೊಳೆ’ ಎನ್ನುವುದಕ್ಕೆ ಅವರ ‘ವಾಷ್’ ತೆಗೆದುಕೊಳ್ಳಿರಿ. ವಾಷ್, ವಾಷಸ್, ವಾಷಿಂಗ್, ವಾಷ್ಟ್. ಮುಗಿಯಿತು. ನಾಲ್ಕೇ ರೂಪ. ಶಾಲೆಯ ಪುಸ್ತಕದಲ್ಲಿ ಹನ್ನೆರಡು ಮನೆಯ ಕೋಷ್ಟಕ ಹಾಕಿ, ವರ್ತಮಾನ ಭೂತ ಭವಿಷ್ಯತ್ತುಗಳನ್ನು ಒಂದೊಂದನ್ನೂ ನಾಲ್ಕಾಗಿ ಸೀಳಿ ಹೆದರಿಸುತ್ತಾರೆ. ಆದರೆ ಆ ಹನ್ನೆರಡು ಮನೆಗಳಲ್ಲಿಯೂ ಓಡಾಡುವವರು ಈ ನಾಲ್ವರೇ. ಉಳಿದುದೆಲ್ಲ ‘ಆಮ್’, ‘ಹ್ಯಾವ್’, ‘ವಿಲ್’ ಮುಂತಾದ ಆಳುಕಾಳುಗಳ ಕೆಲಸ.

ಈಗ ನಮ್ಮ ‘ತೊಳೆ’ ಧಾತುವನ್ನು ನೋಡಿರಿ. ಭೂತಕಾಲ ಒಂದರಲ್ಲಿಯೇ ತೊಳೆದೆನು, ತೊಳೆದೆವು, ತೊಳೆದೆ, ತೊಳೆದಿರಿ, ತೊಳೆದನು, ತೊಳೆದಳು, ತೊಳೆದರು, ತೊಳೆಯಿತು, ತೊಳೆದವು ಎಂದು ಒಂಬತ್ತು. ವರ್ತಮಾನಕ್ಕೆ ಒಂಬತ್ತು, ‘ತೊಳೆಯುವನು’ ಎಂಬ ಭವಿಷ್ಯತ್ತಿಗೆ ಒಂಬತ್ತು, ಒಟ್ಟು ಇಪ್ಪತ್ತೇಳು. ಈ ಮೂರನೆಯ ಬಗೆ ಬಾಯಿಮಾತಿನಲ್ಲಿ ಈಗ ವಿರಳವೆಂದು ಬಿಟ್ಟರೂ ಹದಿನೆಂಟು. ಕೇಶಿರಾಜನು ಹದಿಮೂರನೆಯ ಶತಮಾನದಲ್ಲಿ ರಚಿಸಿದ ‘ಶಬ್ದಮಣಿದರ್ಪಣ’ದಲ್ಲಿ ಆಖ್ಯಾತ ಪ್ರಕರಣವೆಂದು ಒಂದು ಅಧ್ಯಾಯವನ್ನೇ ಇದಕ್ಕಾಗಿ ಮೀಸಲಿಡಬೇಕಾಯಿತು. ಬೀದಿಯ ತೆಲುಗಾದರೂ ಕಡಮೆಯೆ? ಕಡಿಗಾನು, ಕಡಿಗಾಮು, ಕಡಿಗಾವು, ಕಡಿಗಾರು, ಕಡಿಗಾಡು, ಕಡಿಗಿಂದಿ, ಕಡಿಗಾಯಿ ಎಂದು ಭೂತಕಾಲಕ್ಕೆ ಏಳು. ಪಟಮಟದ ಆ ಒಂಬತ್ತು ವರ್ಷದ ಹುಡುಗಿ ಇವೆಲ್ಲವನ್ನೂ ಯಾವ ಪುಸ್ತಕದ ಸಹಾಯವೂ ಇಲ್ಲದೆ, ಯಾರ ಕೈಯಲ್ಲಿಯೂ ಪೆಟ್ಟು ತಿನ್ನದೆ ಕಲಿತಿದ್ದಾಳೆ. ಇಂತಹವಳಿಗೆ ನಾಲ್ಕು ರೂಪದ ಕ್ರಿಯಾಪದ ಬಾರದು ಎಂದರೆ, ತಪ್ಪು ಅವಳ ತಲೆಯಲ್ಲಿಯೂ ಇಲ್ಲ, ಮನೆಯ ಭಾಷೆಯಲ್ಲಿಯೂ ಇಲ್ಲ. ಹೇಳಿಕೊಟ್ಟ ಬಗೆಯಲ್ಲಿ ಎಲ್ಲಿಯೋ ಒಂದು ಕೊಂಡಿ ತಪ್ಪಿದೆ.

ಇಲ್ಲಿ ಒಂದು ಮಾತು ನೆನಪಾಗುತ್ತದೆ. ತೆಲುಗಿನಲ್ಲಿ ಹೆಂಗಸಿಗೂ ಹಸುವಿಗೂ ‘ವಚ್ಚಿಂದಿ’ ಒಂದೇ. ಆದ್ದರಿಂದ ಆಂಧ್ರದಲ್ಲಿ ಬೆಳೆದ ನಮ್ಮ ಮಕ್ಕಳು “ಅಮ್ಮ ಬಂತು” ಎನ್ನುವುದುಂಟು, ಅಜ್ಜಿಯರು ಸಿಡಿಮಿಡಿಗೊಳ್ಳುವುದೂ ಉಂಟು. ಸಿಡುಕಬೇಕಾಗಿಲ್ಲ. ಹವ್ಯಕರ ಕನ್ನಡದಲ್ಲಿ ಇಂದಿಗೂ ಹೆಂಗಸರಿಗೆ ‘ಬಂತು’ ಎಂದೇ ಹೇಳುತ್ತಾರೆ, ಅಲ್ಲಿ ಅದು ಅಗೌರವವಲ್ಲ. ಮಕ್ಕಳನ್ನು ಮೆಲ್ಲಗೆ ತಿದ್ದಿದರೆ ಸಾಕು.

ಇನ್ನು ಮೊದಲ ತಪ್ಪು. ಮಗು ಬರೆದದ್ದು: “ಷಿ ಡಿಡ್ ನಾಟ್ ವಾಷ್ಟ್ ದ ಪ್ಲೇಟ್.” ‘ಡಿಡ್’ ಬಂದ ಮೇಲೆ ‘ವಾಷ್’ ಎಂದಷ್ಟೇ ಇರಬೇಕು ಎಂದು ಶಾಲೆಯಲ್ಲಿ ನಿಯಮ ಹೇಳಿರುತ್ತಾರೆ. ಮಗು ಅದನ್ನು ಮರೆಯುತ್ತದೆ, ಏಕೆಂದರೆ ಅದರ ಅರ್ಥ ಮನಸ್ಸಿಗೆ ಹತ್ತಿಲ್ಲ. ಅಮ್ಮನವರು ಹೀಗೆ ಕೇಳಲಿ: “ಅವಳು ತಟ್ಟೆ ತೊಳೆದಳು. ಇದಕ್ಕೆ ‘ಇಲ್ಲ’ ಸೇರಿಸಿ ಹೇಳು.” ಮಗು ಒಂದು ಕ್ಷಣವೂ ಯೋಚಿಸದೆ “ತೊಳೆಯಲಿಲ್ಲ” ಎನ್ನುತ್ತದೆ. “ತೊಳೆದಳಿಲ್ಲ ಎಂದರೆ?” ನಗುತ್ತದೆ. ಹಾಗಾದರೆ ‘ತೊಳೆದಳು’ ಎಂಬುದರಲ್ಲಿದ್ದ ಆ ‘ದ’ಕಾರ ಎಲ್ಲಿಗೆ ಹೋಯಿತು? ‘ಇಲ್ಲ’ ಬಂದೊಡನೆ ಧಾತುವಿನ ಮೈಮೇಲಿದ್ದ ಭೂತಕಾಲದ ಗುರುತು ಕಳಚಿ ಹೋಯಿತು. ಇಂಗ್ಲೀಷಿನಲ್ಲಿಯೂ ಆಗುವುದು ಅದೇ. ‘ಡಿಡ್ ನಾಟ್’ ಬಂದೊಡನೆ ‘ವಾಷ್ಟ್’ ತನ್ನ ಬಾಲವನ್ನು ಕಳಚಿಟ್ಟು ‘ವಾಷ್’ ಆಗುತ್ತದೆ. “ಡಿಡ್ ನಾಟ್ ವಾಷ್ಟ್” ಎಂಬುದು “ತೊಳೆದಳಿಲ್ಲ” ಎಂದಷ್ಟೇ ನಗೆಪಾಟಲು. ಒಮ್ಮೆ ಮಗು ನಕ್ಕಿತೆಂದರೆ ಮತ್ತೆ ಆ ತಪ್ಪು ಮಾಡುವುದು ಕಷ್ಟ. ಪಕ್ಕದ ಮನೆಯ ತೆಲುಗು ಮಕ್ಕಳಿಗೂ ಹೀಗೆಯೇ ಹೇಳಬಹುದು: ಕಡಿಗಿಂದಿ, ಕಡಗಲೇದು.

ಪ್ರಶ್ನೆ ಕೇಳುವಾಗ ಮಾತ್ರ ಎಚ್ಚರ. ನಾವು “ತೊಳೆದಳಾ?” ಎನ್ನುತ್ತೇವೆ, ಅಲ್ಲಿ ನಮ್ಮ ‘ದ’ಕಾರ ಉಳಿದೇ ಇರುತ್ತದೆ. ಇಂಗ್ಲೀಷಿನವರು ಪ್ರಶ್ನೆಯಲ್ಲಿಯೂ ಬಾಲ ಕಳಚುತ್ತಾರೆ: “ಡಿಡ್ ಷಿ ವಾಷ್?” ಇಲ್ಲಿ ಕನ್ನಡ ದಾರಿ ತೋರಿಸುವುದಿಲ್ಲ. ಪ್ರಶ್ನೆಯನ್ನು ‘ಇಲ್ಲ’ದ ತಮ್ಮನೆಂದು ತಿಳಿ ಎಂದು ಹೇಳಿಕೊಟ್ಟರಾಯಿತು.

ಎರಡನೆಯ ತಪ್ಪು, “ಮೈ ಫಾದರ್ ವರ್ಕ್ ಇನ್ ಎ ಬ್ಯಾಂಕ್.” ಕೊನೆಯ ‘ಸ್’ ಬಿಟ್ಟುಹೋಗಿದೆ. ಹಿಂದಿನ ಕಾಲದಲ್ಲಿ ಇಂಗ್ಲೀಷಿನ ಕ್ರಿಯಾಪದಗಳಿಗೂ ನಮ್ಮಂತೆ ನಾನು, ನೀನು, ಅವನು ಎಂದು ಬೇರೆ ಬೇರೆ ಬಾಲಗಳಿದ್ದವು. ಶತಮಾನಗಳು ಉರುಳಿದಂತೆ ಅವೆಲ್ಲ ಉದುರಿ, ವರ್ತಮಾನದಲ್ಲಿ ಅವನು, ಅವಳು, ಅದು ಎಂಬ ಮೂವರಿಗೆ ಸೇರಿದ ಈ ಒಂದು ‘ಸ್’ ಮಾತ್ರ ಉಳಿದುಕೊಂಡಿತು. ನಮ್ಮ ಮಗುವಿಗೆ ಹೇಳಬೇಕಾದುದು ಇಷ್ಟೆ: ನೀನು ಅಪ್ಪ ಕೆಲಸ ‘ಮಾಡುತ್ತಾರೆ’ ಎನ್ನುವೆಯೇ ಹೊರತು ಅಪ್ಪ ಕೆಲಸ ‘ಮಾಡು’ ಎಂದು ನಿಲ್ಲಿಸುವುದಿಲ್ಲ, ಬಾಲವಿಲ್ಲದ ‘ವರ್ಕ್’ ಹಾಗೆ ನಿಂತ ‘ಮಾಡು’. ಅಪ್ಪನಿಗೆ ‘ಆರೆ’ ಎಂಬ ಗೌರವ ಅವರಲ್ಲಿಲ್ಲ, ‘ಸ್’ ಒಂದಾದರೂ ಕೊಡು! ಇನ್ನು ‘ಇಲ್ಲ’ ಬಂದಾಗ ಈ ‘ಸ್’ ಕೂಡ ಮುಂದಿನ ‘ಡಸ್’ ಎಂಬ ಆಳಿನ ಹೆಗಲೇರಿ ಕ್ರಿಯಾಪದವನ್ನು ಬಿಟ್ಟುಹೋಗುತ್ತದೆ. ನಮ್ಮಲ್ಲಿಯೂ ‘ತೊಳೆಯುತ್ತಾಳೆ’ ಎಂಬುದು ‘ತೊಳೆಯುವುದಿಲ್ಲ’ ಆದಾಗ ಅವನೋ ಅವಳೋ ಎಂಬ ಗುರುತೇ ಅಳಿಸಿಹೋಗುವುದಿಲ್ಲವೆ?

ಮೂರನೆಯದು “ಐ ಆಮ್ ವಾಂಟಿಂಗ್ ಎ ಪೆನ್ಸಿಲ್.” ಇದು ಮಕ್ಕಳ ತಪ್ಪಲ್ಲ, ದೊಡ್ಡವರಿಂದ ಬಂದ ಆಸ್ತಿ. ಎಲ್ಲ ಕ್ರಿಯಾಪದಕ್ಕೂ ‘ಇಂಗ್’ ಹಚ್ಚಿದರೆ ಇಂಗ್ಲೀಷು ಘಮಘಮಿಸುತ್ತದೆಂದು ನಮ್ಮವರ ಭಾವನೆ, ಒಗ್ಗರಣೆಗೆ ಇಂಗಿನಂತೆ. ಇದಕ್ಕೂ ಕನ್ನಡದಲ್ಲಿ ಒಂದು ಒರೆಗಲ್ಲಿದೆ. ನಾವು “ನನಗೆ ಪೆನ್ಸಿಲ್ ಬೇಕು” ಎನ್ನುತ್ತೇವೆ. “ನನಗೆ ದೋಸೆ ಇಷ್ಟ”, “ನನಗೆ ನೆನಪಿದೆ” ಎನ್ನುತ್ತೇವೆ. ಈ ‘ಬೇಕು’, ‘ಇಷ್ಟ’, ‘ನೆನಪಿದೆ’ ಎಂಬವು ಕೈಕಾಲು ಆಡಿಸುವ ಕೆಲಸಗಳಲ್ಲ, ಮನಸ್ಸಿನ ಸ್ಥಿತಿಗಳು. ಆದ್ದರಿಂದಲೇ ಅವಕ್ಕೆ ‘ಉತ್ತಿದ್ದೇನೆ’ ಹತ್ತುವುದಿಲ್ಲ. ‘ನನಗೆ’ ಎಂದು ಆರಂಭಿಸುವ ಇಂತಹ ಕನ್ನಡ ವಾಕ್ಯವನ್ನು ಇಂಗ್ಲೀಷಿಗೆ ತರುವಾಗ ‘ಇಂಗ್’ ಮುಟ್ಟಬೇಡ ಎಂದು ಹೇಳಿರಿ: ಐ ವಾಂಟ್, ಐ ಲೈಕ್, ಐ ರಿಮೆಂಬರ್. ನೂರಕ್ಕೆ ನೂರು ಅಲ್ಲದಿದ್ದರೂ ಬಹುಮಟ್ಟಿಗೆ ಇದು ಕೈಬಿಡದು.

ನಾಲ್ಕನೆಯದು ಬರವಣಿಗೆಯ ತಪ್ಪಲ್ಲ, ಓದುವುದರದು. ಮಗು ಪುಸ್ತಕ ನೋಡಿ ‘ವಾಕೆಡ್’, ‘ವಾಷೆಡ್’, ‘ಪ್ಲೇಯೆಡ್’ ಎಂದು ಓದುತ್ತದಂತೆ. ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕು, ಏಕೆಂದರೆ ನಮ್ಮ ದೊಡ್ಡವರಲ್ಲಿಯೂ ಮುಕ್ಕಾಲುಪಾಲು ಜನ ಹೀಗೆಯೇ ಓದುತ್ತಾರೆ. ಅಲ್ಲದೆ ನನಗೆ ಈ ವಿಷಯದಲ್ಲಿ ಬಹಳ ಪ್ರೀತಿಯ ಭಾಗವೂ ಇದೇ.

ಕೊನೆಯಲ್ಲಿ ಬರೆಯುವ ‘ಇ’ ‘ಡಿ’ ಎಂಬ ಎರಡು ಅಕ್ಷರ ಎಲ್ಲ ಕಡೆಗೂ ಒಂದೇ. ಬಾಯಲ್ಲಿ ಮಾತ್ರ ಅದು ಮೂರು ವೇಷ ಹಾಕುತ್ತದೆ: ವಾಕ್ಟ್, ಪ್ಲೇಯ್ಡ್, ವಾಂಟಿಡ್. ಟ್, ಡ್, ಇಡ್. ಯಾವಾಗ ಯಾವ ವೇಷ? ಇಂಗ್ಲೀಷಿನ ಮಗು ಇದನ್ನು ಕಿವಿಯಿಂದ ಕಲಿಯುತ್ತದೆ. ನಮ್ಮ ಮಗುವಿಗೆ ಇದು ವರ್ಣಮಾಲೆಯಲ್ಲಿಯೇ ಬರೆದಿಟ್ಟಿದೆ. ಕ, ಚ, ಟ, ತ, ಪ ಎಂಬ ಸಾಲು ಕಠಿಣ; ಗ, ಜ, ಡ, ದ, ಬ ಎಂಬ ಸಾಲು ಮೃದು. ತೆಲುಗು ಪಂಡಿತರು ಮೊದಲನೆಯದನ್ನು ಪರುಷವೆಂದೂ ಎರಡನೆಯದನ್ನು ಸರಳವೆಂದೂ ಕರೆಯುತ್ತಾರೆ. ಇಂಗ್ಲೀಷಿನ ಮಾತು ಕಠಿಣ ಧ್ವನಿಯಲ್ಲಿ ಮುಗಿದರೆ ಅದರ ಮೇಲೆ ಕಠಿಣವಾದ ‘ಟ್’ ಬರುತ್ತದೆ: ಕುಕ್ಟ್, ಹೆಲ್ಪ್ಟ್, ವಾಚ್ಟ್, ಊದಿ ಬರುವ ಷ್, ಸ್, ಫ್ ಇವೂ ಈ ಗುಂಪೇ. ಮೃದು ಧ್ವನಿಯಲ್ಲಿ, ಅನುನಾಸಿಕದಲ್ಲಿ, ರ ಲ ವಗಳಲ್ಲಿ ಅಥವಾ ಸ್ವರದಲ್ಲಿ ಮುಗಿದರೆ ಮೃದುವಾದ ‘ಡ್’ ಬರುತ್ತದೆ: ಬೆಗ್ಡ್, ಕ್ಲೀನ್ಡ್, ಕಾಲ್ಡ್, ಪ್ಲೇಯ್ಡ್. ಮಾತು ತಾನೇ ‘ಟ್’ ಅಥವಾ ‘ಡ್’ನಲ್ಲಿ ಮುಗಿದಿದ್ದರೆ, ಎರಡು ಡಿಕ್ಕಿ ಹೊಡೆಯದಂತೆ ನಡುವೆ ‘ಇ’ಕಾರ ಬರುತ್ತದೆ: ವೇಟಿಡ್, ನೀಡಿಡ್.

ಧ್ವನಿಯು ನೆರೆಹೊರೆ ನೋಡಿ ವೇಷ ಬದಲಿಸುವುದು ನಮಗೆ ಹೊಸತಲ್ಲ. ಹೊಸ ಕನ್ನಡ ‘ಹೊಸಗನ್ನಡ’ವಾಗುವುದೂ, ಮಳೆಯ ಕಾಲ ‘ಮಳೆಗಾಲ’ವಾಗುವುದೂ, ಬೆಟ್ಟ ತಾವರೆ ಸೇರಿ ‘ಬೆಟ್ಟದಾವರೆ’ಯಾಗುವುದೂ ಈ ಜಾತಿಯ ಮಾತೇ. ಆದೇಶಸಂಧಿಯೆಂದು ನಾವು ಬಾಯಿಪಾಠ ಮಾಡಿದ್ದು ಇದನ್ನೇ. ತೆಲುಗರಿಗೆ ಇದೇ ಬಗೆಯ ‘ಗಸಡದವಾದೇಶ ಸಂಧಿ’ ಉಂಟು. ಸಂಧಿಯನ್ನು ಬಲ್ಲ ಮಗು ‘ವಾಕ್ಟ್’ ಎಂಬುದನ್ನು ಅರೆಗಳಿಗೆಯಲ್ಲಿ ಹಿಡಿಯುತ್ತದೆ. ಸಂಧಿಯನ್ನು ಮರೆಸಿದ ಮಗುವಿಗೆ ಇದು ಮುನ್ನೂರು ಮಾತುಗಳ ಪಟ್ಟಿಯಾಗಿ ಕಾಣುತ್ತದೆ.

ಹಾಗಾದರೆ ‘ಇ’ ಎಂದು ಬರೆದು ಓದದೆ ಬಿಡುವುದೇಕೆ ಎಂದು ಜಾಣ ಮಕ್ಕಳು ಕೇಳಬಹುದು. ಒಂದಾನೊಂದು ಕಾಲದಲ್ಲಿ ಅದನ್ನು ಓದುತ್ತಿದ್ದರು. ಬಾಯಿ ಬದಲಾಯಿತು, ಬರಹ ಉಳಿಯಿತು. ಹಳೆಯ ಉಚ್ಚಾರಣೆಯ ಗುರುತು ಇನ್ನೂ ಕೆಲವು ಕಡೆ ಇದೆ. ನ್ಯಾಯಾಲಯದಲ್ಲಿ ವಕೀಲರು ಎದುರಾಳಿ ವಕೀಲರನ್ನು “ಮೈ ಲರ್ನಿಡ್ ಫ್ರೆಂಡ್” ಎಂದು ಕರೆಯುವುದನ್ನು ಕೇಳಿರಬಹುದು. ‘ಲರ್ನ್ಡ್’ ಎಂದರೆ ಕಲಿತನು, ‘ಲರ್ನಿಡ್’ ಎಂದರೆ ಪಂಡಿತ.

ಕಾಗುಣಿತದಲ್ಲಿಯೂ ಒಂದು ಸೊಗಸಿದೆ. ‘ಸ್ಟಾಪ್’ ಎಂಬುದು ಭೂತಕಾಲಕ್ಕೆ ಹೋದಾಗ ‘ಪಿ’ ಅಕ್ಷರ ಎರಡಾಗುತ್ತದೆ. ‘ಕ್ಲೀನ್’ ಹೋದಾಗ ‘ಎನ್’ ಒಂದೇ ಉಳಿಯುತ್ತದೆ. ಕುಪ್ಪಳಿಸು ಎಂಬ ‘ಹಾಪ್’ ಎರಡು ‘ಪಿ’ ಬೇಡುತ್ತದೆ, ಆಶಿಸು ಎಂಬ ‘ಹೋಪ್’ ಒಂದರಲ್ಲಿ ತೃಪ್ತಿ ಪಡುತ್ತದೆ. ಮಕ್ಕಳು ಇದನ್ನು ಉರುಹೊಡೆದು ಮರೆಯುತ್ತಾರೆ. ಅವರಿಗೆ ಕನ್ನಡದ ಈ ಮಾತುಗಳನ್ನು ಓದಿಸಿರಿ: ಕಲ್ಲು, ಕಾಲು. ಮಣ್ಣು, ಮೀನು. ಅಷ್ಟೇಕೆ, ಇಂಗ್ಲೀಷಿನಿಂದ ಬಂದ ಮಾತುಗಳನ್ನೇ ನೋಡಿರಿ: ಬಸ್ಸು, ಪೆನ್ನು, ಕಪ್ಪು, ಆದರೆ ಕಾರು, ರೋಡು, ಟೇಪು. ‘ಬಸು’ ಎಂದು ಯಾರೂ ಅನ್ನುವುದಿಲ್ಲ, ‘ಕಾರ್ರು’ ಎಂದೂ ಅನ್ನುವುದಿಲ್ಲ. ಹಿಂದಿನ ಸ್ವರ ಹ್ರಸ್ವವಾದರೆ ವ್ಯಂಜನಕ್ಕೆ ಇಮ್ಮಡಿ, ದೀರ್ಘವಾದರೆ ಒಂಟಿ. ಲಂಡನ್ನಿನವರ ‘ಸ್ಟಾಪ್’ನಲ್ಲಿ ಸ್ವರವು ಹ್ರಸ್ವ, ನಾವು ಅದನ್ನು ದೀರ್ಘ ಮಾಡಿ ಬರೆದುಕೊಂಡಿದ್ದೇವೆ, ಅಷ್ಟೆ. ಏಕಾಕ್ಷರದ ಪುಟ್ಟ ಮಾತುಗಳಿಗೆ ಈ ಸೂತ್ರ ಚೆನ್ನಾಗಿ ನಡೆಯುತ್ತದೆ. ‘ವಿಜಿಟ್’ನಂತಹ ಉದ್ದ ಮಾತುಗಳಲ್ಲಿ ಒತ್ತು ಕೊನೆಗೆ ಬೀಳದಿದ್ದರೆ ಇಮ್ಮಡಿ ಇಲ್ಲ. ‘ಟ್ರಾವೆಲ್’ ಎಂಬುದಕ್ಕೆ ಬ್ರಿಟಿಷರು ಎರಡು ‘ಎಲ್’ ಹಾಕುತ್ತಾರೆ, ಅಮೇರಿಕದವರು ಒಂದಕ್ಕೆ ನಿಲ್ಲಿಸುತ್ತಾರೆ, ಎರಡೂ ಸರಿ. ‘ಸ್ಟಡಿ’ಯ ಕೊನೆಯ ‘ವೈ’ ಹೋಗಿ ‘ಐ’ ಬರುತ್ತದೆ, ‘ಪ್ಲೇ’ಯ ‘ವೈ’ ಹಾಗೆಯೇ ಉಳಿಯುತ್ತದೆ. ‘ವೈ’ಗೆ ಹಿಂದೆ ವ್ಯಂಜನವಿದ್ದರೆ ಬದಲಾವಣೆ, ಸ್ವರವಿದ್ದರೆ ಇಲ್ಲ.

ಈಗ ಉಳಿದೆರಡು ತಪ್ಪುಗಳಿಗೆ ಬರೋಣ. ಇವೇ ನಿಜವಾಗಿ ಕಷ್ಟದವು. ಮೊದಲ ನಾಲ್ಕನ್ನು ಮಗು ದೊಡ್ಡದಾದಂತೆ ತಾನೇ ಬಿಡಬಹುದು. ಇವೆರಡು ಹಾಗಲ್ಲ, ಪದವಿ ಪಡೆದು ಉದ್ಯೋಗಕ್ಕೆ ಅರ್ಜಿ ಹಾಕುವ ತನಕವೂ ಜೊತೆಗೆ ಬರುತ್ತವೆ.

“ಐ ಹ್ಯಾವ್ ಫಿನಿಷ್ಟ್ ಮೈ ಹೋಮ್‌ವರ್ಕ್ ಯೆಸ್ಟರ್‌ಡೇ” ಎಂದು ಮಗು ಬರೆದಿದೆ. ಕನ್ನಡದಲ್ಲಿ “ನಿನ್ನೆಯೇ ಮುಗಿಸಿದ್ದೇನೆ” ಎಂಬುದು ಶುದ್ಧ ವಾಕ್ಯ. ‘ಮುಗಿಸಿ’ ಎಂಬುದಕ್ಕೆ ‘ಇದ್ದೇನೆ’ ಸೇರಿದಂತೆ ಅಲ್ಲಿ ‘ಫಿನಿಷ್ಟ್’ ಎಂಬುದಕ್ಕೆ ‘ಹ್ಯಾವ್’ ಸೇರುತ್ತದೆ; ಹೋಲಿಕೆ ಅಚ್ಚುಕಟ್ಟಾಗಿದೆ, ತೊಡಕು ಬಂದಿರುವುದೇ ಅದರಿಂದ. ನಮ್ಮ ‘ಇದ್ದೇನೆ’ ಉದಾರಿ, ‘ನಿನ್ನೆ’ಯನ್ನು ಪಕ್ಕದಲ್ಲಿ ಕೂಡಿಸಿಕೊಳ್ಳುತ್ತದೆ. ಅವರ ‘ಹ್ಯಾವ್’ ಮಡಿ, ನಿನ್ನೆ, ಹೋದ ವಾರ, ೨೦೧೯ರಲ್ಲಿ ಎಂಬ ಮುಗಿದುಹೋದ ಕಾಲದ ಮಾತುಗಳನ್ನು ಹತ್ತಿರ ಸೇರಿಸುವುದಿಲ್ಲ. ‘ನಿನ್ನೆ’ ಬೇಕೆಂದರೆ ‘ಹ್ಯಾವ್’ ಬಿಡಬೇಕು: “ಐ ಫಿನಿಷ್ಟ್ ಇಟ್ ಯೆಸ್ಟರ್‌ಡೇ.”

ಕೊನೆಯದು: “ವಿ ಆರ್ ಲಿವಿಂಗ್ ಇನ್ ಪಟಮಟ ಸಿನ್ಸ್ ತ್ರೀ ಇಯರ್ಸ್.” ಮೂರು ವರ್ಷದಿಂದ ಪಟಮಟದಲ್ಲಿ ವಾಸ ಮಾಡುತ್ತಿದ್ದೇವೆ. ತೆಲುಗಿನಲ್ಲಿಯೂ ‘ಉಂಟುನ್ನಾಮು’ ಎಂದೇ ಹೇಳುವುದು. ಎರಡು ಭಾಷೆಗಳೂ ಸೇರಿ ಮಗುವನ್ನು ಒಂದೇ ಕಡೆಗೆ ಎಳೆದಿವೆ. ನಾವು ಕೆಲಸ ಈಗಲೂ ನಡೆಯುತ್ತಿದೆ ಎಂಬುದನ್ನು ಮಾತ್ರ ಕ್ರಿಯಾಪದದಲ್ಲಿ ಹೇಳಿ, ಹಿಂದಿನಿಂದ ಬಂದಿತೆಂಬುದನ್ನು ‘ಇಂದ’ ಪ್ರತ್ಯಯಕ್ಕೆ ಬಿಡುತ್ತೇವೆ. ಇಂಗ್ಲೀಷಿನವರು ಎರಡನ್ನೂ ಕ್ರಿಯಾಪದದೊಳಗೇ ತುರುಕುತ್ತಾರೆ: “ವಿ ಹ್ಯಾವ್ ಬೀನ್ ಲಿವಿಂಗ್ ಹಿಯರ್ ಫಾರ್ ತ್ರೀ ಇಯರ್ಸ್.” ಮಗುವಿಗೆ ಇದನ್ನು ‘ಮಾಡುತ್ತಾ ಬಂದಿದ್ದೇವೆ’ ಎಂಬ ಕನ್ನಡದಿಂದ ತೋರಿಸಿರಿ. ‘ವಾಸ ಮಾಡುತ್ತಾ’ ಎಂಬುದು ‘ಲಿವಿಂಗ್’, ‘ಬಂದಿದ್ದೇವೆ’ ಎಂಬುದು ‘ಹ್ಯಾವ್ ಬೀನ್’. ‘ಎಷ್ಟು ಕಾಲದಿಂದ’ ಎಂದು ಕನ್ನಡದಲ್ಲಿ ಹೇಳಬೇಕಾದಾಗಲೆಲ್ಲ ಮೊದಲು ಮನಸ್ಸಿನಲ್ಲಿ ‘ಉತ್ತಾ ಬಂದಿದ್ದೇನೆ’ ಎಂದುಕೊಂಡು ಆಮೇಲೆ ಇಂಗ್ಲೀಷಿಗೆ ತಿರುಗಿಸಿದರೆ ದಾರಿ ಸಿಗುತ್ತದೆ. ಉದ್ಯೋಗದ ಸಂದರ್ಶನಕ್ಕೆ ಹೋಗುವ ನಮ್ಮ ತರುಣರು ಈ ಒಂದನ್ನು ಸಾಧಿಸಿಕೊಂಡರೆ ದೊಡ್ಡ ಲಾಭ. ಎಷ್ಟು ವರ್ಷದಿಂದ ಎಲ್ಲಿ ಕೆಲಸ ಮಾಡುತ್ತಿದ್ದೀರಿ ಎಂಬುದೇ ಅಲ್ಲಿ ಕೇಳುವ ಮೊದಲ ಪ್ರಶ್ನೆಗಳಲ್ಲಿ ಒಂದು.

ತಪ್ಪು ಮಾಡುವುದೇ ದಡ್ಡತನವೆಂದು ತಾಯಂದಿರು ಭಾವಿಸಬಾರದು. ೧೯೫೮ರಲ್ಲಿ ಜೀನ್ ಬರ್ಕೊ ಎಂಬ ಅಮೇರಿಕದ ವಿದುಷಿ ಇಂಗ್ಲೀಷೇ ಮನೆಮಾತಾದ ನಾಲ್ಕರಿಂದ ಏಳು ವರ್ಷದ ಮಕ್ಕಳ ಮುಂದೆ ಚಿತ್ರಗಳನ್ನಿಟ್ಟು, ಯಾವ ನಿಘಂಟಿನಲ್ಲಿಯೂ ಇಲ್ಲದ ಮಾತುಗಳನ್ನು ಕಟ್ಟಿ ಕೇಳಿದರು. ಈ ಮನುಷ್ಯ ‘ರಿಕ್’ ಮಾಡುತ್ತಾನೆ. ನಿನ್ನೆಯೂ ಅದನ್ನೇ ಮಾಡಿದ. ನಿನ್ನೆ ಏನು ಮಾಡಿದ? ಮಕ್ಕಳಲ್ಲಿ ಬಹುಪಾಲು “ರಿಕ್ಟ್” ಎಂದರು. ಎಂದೂ ಕೇಳದ ಮಾತಿಗೆ ಸರಿಯಾದ ಬಾಲ ಹಚ್ಚಿದರೆಂದ ಮೇಲೆ ಅವರು ಗಿಣಿಪಾಠ ಮಾಡಿಲ್ಲ, ಸೂತ್ರವನ್ನೇ ಹಿಡಿದಿದ್ದಾರೆ ಎಂದಾಯಿತು. ಆದರೆ ‘ಮಾಟ್’ ಎಂಬ ಕಲ್ಪಿತ ಧಾತುವಿಗೆ ‘ಮಾಟಿಡ್’ ಎನ್ನಲು ಆ ಮಕ್ಕಳಲ್ಲಿಯೂ ಹೆಚ್ಚಿನವರು ತಡವರಿಸಿದರು. ಮೂರನೆಯ ವೇಷ ಅವರಿಗೂ ಕಠಿಣವೇ! ಸಣ್ಣ ಮಕ್ಕಳು ‘ವೆಂಟ್’ ಎನ್ನುವ ಬದಲು ‘ಗೋಡ್’ ಎನ್ನುವುದೂ, ನಮ್ಮ ಕೂಸುಗಳು ‘ಕೊಟ್ಟ’ ಎನ್ನುವ ಮುಂಚೆ ‘ಕೊಡಿದ’ ಎನ್ನುವುದೂ ಬುದ್ಧಿ ಚುರುಕಾಗಿರುವುದರ ಲಕ್ಷಣ. ಸೂತ್ರ ಕೈಗೆ ಸಿಕ್ಕಿದೆ, ಅಪವಾದ ಇನ್ನೂ ಸಿಕ್ಕಿಲ್ಲ, ಅಷ್ಟೆ.

ಅಪವಾದಗಳೂ ಮೆಲ್ಲಗೆ ಕರಗುತ್ತಿವೆ. ಹಳೆಯ ಇಂಗ್ಲೀಷಿನಲ್ಲಿ ನಿಯಮ ಮೀರಿದ ೧೭೭ ಕ್ರಿಯಾಪದಗಳನ್ನು ಆರಿಸಿ ಲೆಕ್ಕ ಹಾಕಿದ ವಿದ್ವಾಂಸರು, ಅವುಗಳಲ್ಲಿ ಇಂದು ೯೮ ಮಾತ್ರ ಹಾಗೆಯೇ ಉಳಿದಿವೆ ಎಂದು ೨೦೦೭ರಲ್ಲಿ ಪ್ರಕಟಿಸಿದರು. ‘ಹೆಲ್ಪ್’ ಎಂಬುದರ ಭೂತಕ್ಕೆ ಒಂದು ಕಾಲದಲ್ಲಿ ‘ಹೋಲ್ಪ್’ ಎನ್ನುತ್ತಿದ್ದರು, ಈಗ ಅದು ಸಾಧುವಾಗಿ ‘ಹೆಲ್ಪ್ಟ್’ ಆಗಿದೆ. ದಿನಬಳಕೆಯ ಬಾ, ಹೋಗು, ತಿನ್ನು, ಕೊಡು ಎಂಬವು ಮಾತ್ರ ನಿಯಮಕ್ಕೆ ಬಗ್ಗಿಲ್ಲ. ನಮ್ಮಲ್ಲಿಯೂ ಬಂದ, ಹೋದ, ತಿಂದ, ಕೊಟ್ಟ ಎಂದು ಸೊಟ್ಟ ನಡೆಯುವವು ಇವೇ ಅಲ್ಲವೆ? ಹೆಚ್ಚು ಬಾಯಲ್ಲಿ ಆಡುವ ಮಾತು ತನ್ನ ಹಳೆಯ ಚಾಳಿ ಬಿಡುವುದಿಲ್ಲ.

ಇನ್ನು ಶಾಲೆಯವರ ಸಲಹೆ. ಅವರ ಉದ್ದೇಶ ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಇಂಗ್ಲೀಷಿನ ಬಗೆಗೆ ಆಂಧ್ರದಲ್ಲಿ ಇರುವ ಆತುರ ಸಣ್ಣದಲ್ಲ. ೨೦೧೯ರಲ್ಲಿ ಅಲ್ಲಿಯ ಸರ್ಕಾರವು ಸರ್ಕಾರಿ ಶಾಲೆಗಳನ್ನೂ ಇಂಗ್ಲೀಷು ಮಾಧ್ಯಮಕ್ಕೆ ತಿರುಗಿಸಲು ಆಜ್ಞೆ ಹೊರಡಿಸಿದುದೂ, ೨೦೨೦ರ ಏಪ್ರಿಲಿನಲ್ಲಿ ಉಚ್ಚ ನ್ಯಾಯಾಲಯವು ಅದನ್ನು ರದ್ದುಪಡಿಸಿದುದೂ ವಾಚಕರಿಗೆ ತಿಳಿದೇ ಇದೆ. ಆದರೆ ಮನೆಯಲ್ಲಿ ಇಂಗ್ಲೀಷು ಆಡಿಸಿರಿ ಎನ್ನುವಾಗ, ಯಾರ ಇಂಗ್ಲೀಷು ಎಂದು ಕೇಳಬೇಕಾಗುತ್ತದೆ. ‘ಐ ಆಮ್ ವಾಂಟಿಂಗ್’ ಎಂಬುದು ನಮ್ಮ ದೊಡ್ಡವರದೇ ಇಂಗ್ಲೀಷು. ‘ಸಿನ್ಸ್ ತ್ರೀ ಇಯರ್ಸ್’ ಎಂಬುದು ನಮ್ಮ ಕಛೇರಿಗಳ ಇಂಗ್ಲೀಷು. ಹಗಲೆಲ್ಲ ಶಾಲೆಯಲ್ಲಿ ತಿದ್ದಿದುದನ್ನು ರಾತ್ರಿ ಊಟದ ಹೊತ್ತಿನಲ್ಲಿ ನಾವೇ ಕೆಡಿಸುವೆವು. ನಾವು ಮಗುವಿಗೆ ತಪ್ಪಿಲ್ಲದೆ, ಸಲೀಸಾಗಿ, ಸಿಟ್ಟು ಪ್ರೀತಿ ತಮಾಷೆಗಳೊಡನೆ ಕೊಡಬಲ್ಲ ಭಾಷೆ ಕನ್ನಡವೊಂದೇ. ೧೯೫೩ರಲ್ಲಿಯೇ ಯುನೆಸ್ಕೊ ಸಂಸ್ಥೆಯು ತನ್ನ ಒಂದು ವರದಿಯಲ್ಲಿ, ಮಗುವಿಗೆ ಕಲಿಸಲು ತಾಯ್ನುಡಿಯೇ ಅತ್ಯುತ್ತಮ ಮಾಧ್ಯಮವೆಂದು ಹೇಳಿತ್ತು. ಇಂಗ್ಲೀಷು ಪ್ರಾಧ್ಯಾಪಕರಾಗಿದ್ದ ಬಿ. ಎಂ. ಶ್ರೀಕಂಠಯ್ಯನವರು ಕನ್ನಡವನ್ನು ಕಟ್ಟಿದರೇ ಹೊರತು ಒಂದಕ್ಕಾಗಿ ಇನ್ನೊಂದನ್ನು ಬಿಡಲಿಲ್ಲ. ಅತ್ತ ಬಂದರು ರಸ್ತೆಯ ಕೊನೆಯಲ್ಲಿರುವ ಮಚಲೀಪಟ್ಟಣದಲ್ಲಿ ಕೆಲಕಾಲ ಕೆಲಸ ಮಾಡಿದ ಸಿ. ಪಿ. ಬ್ರೌನ್ ಎಂಬ ಇಂಗ್ಲೀಷಿನವರು ತೆಲುಗಿಗೆ ವ್ಯಾಕರಣವನ್ನೂ ನಿಘಂಟನ್ನೂ ಬರೆದರು. ಕನ್ನಡಕ್ಕೆ ಜರ್ಮನಿಯ ಕಿಟ್ಟೆಲರು ೧೮೯೪ರಲ್ಲಿ ನಿಘಂಟು ಕೊಟ್ಟರು. ತಮ್ಮದಲ್ಲದ ಭಾಷೆಯಲ್ಲಿ ಅವರು ಅಷ್ಟು ದೂರ ನಡೆದದ್ದು ತಮ್ಮ ಭಾಷೆಯನ್ನು ಮರೆತಲ್ಲ.

ಪಟಮಟದ ಸೋದರಿಗೆ ನನ್ನ ಸಲಹೆ ಹೀಗಿದೆ. ಸಂಜೆ ಮಗು ಶಾಲೆಯಿಂದ ಬಂದಾಗ ಅಜ್ಜಿ ದಿನವೂ ಒಂದು ಪ್ರಶ್ನೆ ಕೇಳಲಿ: “ಇವತ್ತು ಏನೇನು ಮಾಡಿದೆ, ಪುಟ್ಟಿ?” ಮಗು ಆಡಿದೆ, ಓದಿದೆ, ಜಗಳವಾಡಿದೆ ಎಂದು ಕನ್ನಡದಲ್ಲಿ ಎಲ್ಲವನ್ನೂ ಹೇಳಲಿ, ಅಜ್ಜಿ ಅಡ್ಡ ಪ್ರಶ್ನೆಗಳನ್ನು ಕೇಳಲಿ, ಅಜ್ಜಿಯರಿಗೆ ಅದನ್ನು ಕಲಿಸಬೇಕಾಗಿಲ್ಲ. ಆಮೇಲೆ ಪಾತ್ರೆ ತೊಳೆಯುವಾಗಲೋ ಕಾಳು ಆರಿಸುವಾಗಲೋ ಅಮ್ಮ ಅದರಲ್ಲಿ ಐದೇ ವಾಕ್ಯಗಳನ್ನು ಎತ್ತಿಕೊಂಡು ಇಂಗ್ಲೀಷಿಗೆ ತಿರುಗಿಸಲು ಹೇಳಲಿ. ಹತ್ತು ನಿಮಿಷ ಸಾಕು. ಭೂತಕಾಲದ ಅಭ್ಯಾಸ ಇಂಗ್ಲೀಷಿನಲ್ಲಾಗುವ ಮುನ್ನ ಮನಸ್ಸಿನಲ್ಲಾಗಿರುತ್ತದೆ. ವಿಷಯ ಮಗುವಿನದೇ ಆದ್ದರಿಂದ ಬೇಸರವೂ ಇಲ್ಲ. ನಮ್ಮ ಕಾಲದ ರೆನ್ ಮತ್ತು ಮಾರ್ಟಿನ್ ಪುಸ್ತಕವಿದ್ದರೆ ಕಪಾಟಿನಲ್ಲಿರಲಿ, ಸಂದೇಹ ಬಂದಾಗ ತಾಯಿ ನೋಡಿಕೊಳ್ಳಲಿ. ಒಂಬತ್ತು ವರ್ಷದ ಮಗುವಿನ ಕೈಗೆ ಅದನ್ನು ಕೊಡುವುದು ಬೇಡ. ಈ ಕಾಗದದ ವಿಷಯವನ್ನು ಶಾಲೆಯ ಉಪಾಧ್ಯಾಯಿನಿಯವರಿಗೂ ಸ್ನೇಹದಿಂದ ತಿಳಿಸಬಹುದು. ‘ಕಡಗಲೇದು’ ಎಂಬ ಉದಾಹರಣೆ ಅವರ ಉಳಿದ ಮಕ್ಕಳಿಗೂ ಉಪಯೋಗಕ್ಕೆ ಬಂದೀತು.

ಕೊನೆಗೆ ಮಕ್ಕಳಿಗೆ ಎಂದಿನಂತೆ ಸ್ವಲ್ಪ ಕೆಲಸ. ಲಾಫ್, ಕ್ಲೈಂಬ್, ಡ್ರಾಪ್, ಕ್ಯಾರಿ, ಪೇಂಟ್, ಹಗ್, ಎಂಜಾಯ್, ಫಿನಿಷ್. ಈ ಎಂಟಕ್ಕೂ ಭೂತಕಾಲದ ರೂಪವನ್ನು ಇಂಗ್ಲೀಷು ಅಕ್ಷರಗಳಲ್ಲಿ ಬರೆದು, ಕೊನೆಯ ಧ್ವನಿ ಟ್, ಡ್, ಇಡ್ ಇವುಗಳಲ್ಲಿ ಯಾವುದೆಂದು ಪಕ್ಕದಲ್ಲಿ ಕನ್ನಡದಲ್ಲಿ ಬರೆಯಿರಿ. ಜೊತೆಗೆ ಕೀಳು, ನಗು, ಅಳು, ಹೊರು, ಈಜು ಎಂಬ ಐದು ಕನ್ನಡ ಧಾತುಗಳಿಗೆ ‘ಅವಳು’ ಸೇರಿಸಿ ಭೂತಕಾಲದ ರೂಪ ಬರೆಯಿರಿ. ಇವುಗಳಲ್ಲಿ ನೇರವಾದ ದಾರಿಯಲ್ಲಿ ನಡೆಯುವುದು ಒಂದೇ, ಅದಕ್ಕೆ ಗೆರೆ ಎಳೆಯಿರಿ. ಉತ್ತರಗಳನ್ನು ಸಂಘದ ವಿಳಾಸಕ್ಕೆ ಕಳುಹಿಸಿದರೆ ಮುಂದಿನ ಸಂಚಿಕೆಯಲ್ಲಿ ಸರಿಯುತ್ತರದ ಜೊತೆಗೆ ನಿಮ್ಮ ಹೆಸರುಗಳನ್ನು ಹಾಕಲಾಗುವುದು. ದೊಡ್ಡವರು ಬರೆದುಕೊಟ್ಟರೆ ಕೈಬರಹದಿಂದಲೇ ಗೊತ್ತಾಗುತ್ತದೆ.